ಸಾಬೂನು ಮತ್ತು ಮಾರ್ಜಕಗಳ ವಿಶ್ಲೇಷಣೆ: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ನೀರಿನೊಂದಿಗೆ

ಬಟ್ಟೆ ಸೋಪು, ಸೋಪಿನ ಪುಡಿ, ಪಾತ್ರೆ ತೊಳೆಯುವ ದ್ರವ, ಶಾಂಪೂ, ಸೀಗೆಪುಡಿ ಇವೆಲ್ಲದರಲ್ಲೂ ಕೊಳೆ ಬಿಡಿಸುವ ಪದಾರ್ಥಕ್ಕೆ ರಸಾಯನವಿಜ್ಞಾನದಲ್ಲಿ ಮೇಲ್ಮೈಸಕ್ರಿಯ ವಸ್ತು ಎಂದು ಹೆಸರು. ಸರ್ಫ್ಯಾಕ್ಟಂಟ್ ಎಂಬ ಮಾತೂ ರೂಢಿಯಲ್ಲಿದೆ. ಇದರ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ತುದಿ ಜಿಡ್ಡಿಗೆ. ಇಂಥ ಅಣುಗಳು ಜಿಡ್ಡಿನ ಹನಿಯನ್ನು ಸುತ್ತುವರಿದು ನೀರಿನೊಳಗೆ ಎಳೆದೊಯ್ಯುತ್ತವೆ. ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಇದು ಎಷ್ಟಿದೆ, ಯಾವ ಬಗೆಯದು, ಉಳಿದ ತೂಕ ಯಾವುದರದು ಎಂದು ಬೇರ್ಪಡಿಸಿ ಅಳೆಯುವ ವಿಧಾನಗಳು ಈ ಲೇಖನದ ವಸ್ತು. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಇಲ್ಲಿ ಜೊತೆಗಿಟ್ಟುಕೊಂಡಿರುವುದು ಅಲ್ಲಿನ ನೀರಿನ ಕಾರಣಕ್ಕೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಟ್ಟೆ ಒಗೆಯುವ ಮನೆಗೆ ಸೋಪಿನೊಳಗೆ ಏನಿದೆ ಎಂಬುದು ತಿಂಗಳ ಖರ್ಚಿನ ಪ್ರಶ್ನೆ.

ನೊರೆ ಹೆಚ್ಚು ಬಂದರೆ ಸೋಪು ಒಳ್ಳೆಯದು ಎಂಬ ನಂಬಿಕೆ ಹಳೆಯದು. ಅದು ಪೂರ್ತಿ ಸುಳ್ಳಲ್ಲವಾದರೂ ಅದನ್ನೇ ಅಳತೆಗೋಲು ಮಾಡಿಕೊಂಡರೆ ಮೋಸಹೋಗುತ್ತೇವೆ. ಚೆನ್ನಾಗಿ ಕೊಳೆ ಬಿಡಿಸುವ ಕೆಲವು ಸರ್ಫ್ಯಾಕ್ಟಂಟ್‌ಗಳು ನೊರೆಯನ್ನೇ ಕೊಡುವುದಿಲ್ಲ. ಯಂತ್ರದಲ್ಲಿ ಹಾಕುವ ಪುಡಿಗಳಲ್ಲಂತೂ ನೊರೆಯನ್ನು ಬೇಕೆಂದೇ ತಗ್ಗಿಸಿರುತ್ತಾರೆ. ನೊರೆಯ ಎತ್ತರವನ್ನು ಅಳೆಯುವ ರಾಸ್-ಮೈಲ್ಸ್ ಪರೀಕ್ಷೆ 1941ರಿಂದ ಬಳಕೆಯಲ್ಲಿದೆ: 90 ಸೆಂಟಿಮೀಟರ್ ಎತ್ತರದಿಂದ 200 ಮಿಲಿಲೀಟರ್ ದ್ರಾವಣವನ್ನು ಕೆಳಗಿರುವ 50 ಮಿಲಿಲೀಟರ್ ದ್ರಾವಣದ ಮೇಲೆ ಸುರಿಸಿ ನೊರೆ ಎಷ್ಟು ಏರಿತು, ಎಷ್ಟು ಹೊತ್ತು ನಿಂತಿತು ಎಂದು ನೋಡುತ್ತಾರೆ. ಅದು ನೊರೆಯ ಮಾತನ್ನಷ್ಟೇ ಹೇಳುತ್ತದೆ. ಒಳಗಿನ ಸರಕಿನ ಲೆಕ್ಕಕ್ಕೆ ಬೇರೆ ದಾರಿ ಹಿಡಿಯಬೇಕು.

ಮೊದಲು ನೀರು

ನಾಲ್ಕೂ ತಾಲ್ಲೂಕುಗಳು ಕಲ್ಲುಬಂಡೆಯ, ಮಳೆ ಕಡಿಮೆಯ ಬಯಲುಸೀಮೆ. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಗಳು ಹರಿಯುವುದು ಮಳೆ ಬಿದ್ದಾಗ ಮಾತ್ರ. ಕೊರಟಗೆರೆಯ ತೀತಾ ಜಲಾಶಯ, ಹೇಮಾವತಿ ನೀರು ತಲುಪುವ ಕಳ್ಳಂಬೆಳ್ಳ ಮತ್ತು ಸಿರಾ ಕೆರೆಗಳನ್ನು ಬಿಟ್ಟರೆ ಹಳ್ಳಿಗಳ ಆಸರೆ ಬಹುಪಾಲು ಅಂತರ್ಜಲ. ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ರಾಜ್ಯಕ್ಕೆಲ್ಲ ಗೊತ್ತು. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನೂ ಕರಗಿಸಿಕೊಂಡು ಬರುತ್ತದೆ. ಇದೇ ಗಡಸುತನ.

ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಪ್ಪಿಗೆ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹ್ಯ. ನಡುವಿನ 500ನ್ನು ಹಿಡಿದು ಲೆಕ್ಕ ಹಾಕೋಣ. ಒಂದು ಕ್ಯಾಲ್ಸಿಯಂ ಅಯಾನು ಎರಡು ಸಾಬೂನಿನ ಅಣುಗಳನ್ನು ಹಿಡಿದು ಕರಗದ ಗಸಿಯಾಗಿಸುತ್ತದೆ. ಹಾಗಾಗಿ ಅಂಥ ಒಂದು ಲೀಟರ್ ನೀರು ಸುಮಾರು 3 ಗ್ರಾಂ ಸಾಬೂನನ್ನು ನುಂಗುತ್ತದೆ. 20 ಲೀಟರಿನ ಬಕೆಟ್ಟಿಗೆ 60 ಗ್ರಾಂ. ಇಷ್ಟು ಸಾಬೂನು ಹಾಳಾದ ಮೇಲೆ ನೊರೆ ಶುರು. ಬಟ್ಟೆಯ ಮೇಲೆ ಬೂದುಬಣ್ಣಕ್ಕೆ ಕೂರುವ ಜಿಗುಟು, ಬಕೆಟ್ಟಿನ ಅಂಚಿನ ಬಿಳಿ ಪಟ್ಟಿ, ತಲೆಸ್ನಾನವಾದ ಮೇಲೂ ಬಿರುಸಾಗಿಯೇ ಉಳಿಯುವ ಕೂದಲು, ಎಲ್ಲಕ್ಕೂ ಈ ಕ್ಯಾಲ್ಸಿಯಂ ಸಾಬೂನೇ ಕಾರಣ. ಗಸಿಯನ್ನು ಕೆರೆದು ತೆಗೆದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಸಿಮಾಡಿದರೆ ಕೊಬ್ಬಿನಾಮ್ಲ ಮತ್ತೆ ಮೇಲೆ ತೇಲುತ್ತದೆ. ನೀರಿಗೆ ಬಲಿಕೊಟ್ಟ ಸಾಬೂನು ಎಷ್ಟೆಂದು ಅದನ್ನು ತೂಗಿ ಹೇಳಬಹುದು.

ಸಾಬೂನಿನ ಈ ಸೋಲನ್ನೇ ಅಳತೆಯನ್ನಾಗಿ ಮಾಡಿಕೊಂಡವನು ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್. 1840ರ ದಶಕದಲ್ಲಿ ಅವನು ರೂಪಿಸಿದ ವಿಧಾನದಲ್ಲಿ, ಗೊತ್ತಿರುವ ಬಲದ ಸಾಬೂನು ದ್ರಾವಣವನ್ನು ನೀರಿಗೆ ಹನಿಹನಿಯಾಗಿ ಬಿಟ್ಟು ಅಲ್ಲಾಡಿಸಿ, ನೊರೆ ನಿಲ್ಲುವ ಹೊತ್ತಿಗೆ ಎಷ್ಟು ಖರ್ಚಾಯಿತು ಎಂದು ನೋಡುತ್ತಿದ್ದರು. ಇಂದು ಅದರ ಸ್ಥಾನದಲ್ಲಿ ಇ.ಡಿ.ಟಿ.ಎ. ಅನುಮಾಪನ ಇದೆ. ಸೂಚಕದ ದ್ರಾಕ್ಷಾರಸದಂಥ ಕೆಂಪು ಅಚ್ಚನೀಲಿಗೆ ತಿರುಗಿದ ಕ್ಷಣ ಗಡಸುತನದ ಲೆಕ್ಕ ಸಿಕ್ಕಂತೆ. ಪದವಿ ತರಗತಿಯ ರಸಾಯನವಿಜ್ಞಾನದ ವಿದ್ಯಾರ್ಥಿಗಳು ಮಾಡುವ ಪ್ರಯೋಗವಿದು. ಮಾರ್ಜಕದ ಯಾವುದೇ ಪರೀಕ್ಷೆಯನ್ನು ಈ ಸೀಮೆಯಲ್ಲಿ ಮಾಡುವವರು ಇದನ್ನು ಮೊದಲು ಮಾಡಲೇಬೇಕು ಎಂಬುದು ಈ ಲೇಖಕನ ನಿಲುವು. ಭಟ್ಟಿ ಇಳಿಸಿದ ನೀರಿನಲ್ಲಿ ಗೆದ್ದ ಸೋಪು ಊರಿನ ನೀರಿನಲ್ಲಿ ಸೋತರೆ ಆ ಗೆಲುವಿನಿಂದ ಬಳಸುವವರಿಗೆ ಪ್ರಯೋಜನವಿಲ್ಲ.

ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆಗೆ ಹೆಸರಾದ ಊರು. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಬಣ್ಣ ಹಾಕುವ ಮುನ್ನ ರೇಷ್ಮೆಯನ್ನು ಸಾಬೂನು, ಸೋಡಾ ಬೆರೆತ ನೀರಿನಲ್ಲಿ ಕುದಿಸಿ ಅದನ್ನು ಬಿಡಿಸುವುದು ರೇಷ್ಮೆ ಕೆಲಸದ ಹಳೆಯ ಕ್ರಮ. ನೀರು ಗಡಸಾಗಿದ್ದರೆ ಕ್ಯಾಲ್ಸಿಯಂ ಸಾಬೂನು ಎಳೆಯ ಮೇಲೆ ಕೂತು ಬಣ್ಣ ತೇಪೆತೇಪೆಯಾಗುತ್ತದೆ. ಒಗೆಯುವ ಬಟ್ಟೆಯಲ್ಲಿ ಸಹಿಸಬಹುದಾದ ದೋಷ ಸೀರೆಯಲ್ಲಿ ಸಹಿಸಲಾಗದ ನಷ್ಟ.

ಸೌಳು, ಅಂಟುವಾಳ, ಸೀಗೆ

ಸೋಪು ಬರುವ ಮೊದಲೂ ಇಲ್ಲಿ ಬಟ್ಟೆ ಬೆಳ್ಳಗಾಗುತ್ತಿತ್ತು. ಮಡಿವಾಳರು ಬಟ್ಟೆಯನ್ನು ಸೌಳುಮಣ್ಣಿನ ನೀರಿನಲ್ಲಿ ಅದ್ದಿ ಉಬ್ಬೆ ಹಾಕುತ್ತಿದ್ದರು. 1800ರಲ್ಲಿ ಸಿರಾ, ಮಧುಗಿರಿಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಸೌಳಿನ ಬಗ್ಗೆ ತನ್ನ ಪ್ರವಾಸದ ದಾಖಲೆಯಲ್ಲಿ ಬರೆದಿದ್ದಾನೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯಾಗಿ ಉಕ್ಕುವ ಈ ಮಣ್ಣಿನ ಜೀವಾಳ ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್. ಇದು ಸರ್ಫ್ಯಾಕ್ಟಂಟ್ ಅಲ್ಲ, ಬರಿಯ ಕ್ಷಾರ. ಗಡಸುತನವನ್ನು ಇಳಿಸಿ, ಬಟ್ಟೆಯ ಜಿಡ್ಡಿನಲ್ಲಿರುವ ಕೊಬ್ಬಿನಾಮ್ಲವನ್ನು ಅಲ್ಲಿಯೇ ಸಾಬೂನಾಗಿ ಮಾರ್ಪಡಿಸುವುದು ಇದರ ಕೆಲಸ. ಆಮ್ಲದಿಂದ ಅನುಮಾಪನ ಮಾಡುವಾಗ ಮೊದಲು ಫಿನಾಲ್ಫ್ತಲೀನ್, ಆಮೇಲೆ ಮೀಥೈಲ್ ಆರೆಂಜ್ ಬಳಸಿದರೆ ಎರಡು ಲವಣಗಳ ಪಾಲೂ ಬೇರೆಬೇರೆಯಾಗಿ ತಿಳಿಯುತ್ತದೆ. ಇಂದಿನ ಸೋಪಿನ ಪುಡಿಗೆ ಸುರಿಯುವ ವಾಷಿಂಗ್ ಸೋಡಾ ಈ ಸೌಳಿನ ಶುದ್ಧ ರೂಪ. ಅದನ್ನು ಅಳೆಯಲೂ ಇದೇ ವಿಧಾನ.

ಅಂಟುವಾಳ ಮತ್ತು ಸೀಗೆಕಾಯಿ ನಿಜವಾದ ಸರ್ಫ್ಯಾಕ್ಟಂಟ್‌ಗಳ ಕಣಜ. ಇವುಗಳಲ್ಲಿರುವುದು ಸಪೋನಿನ್: ಕರಗದ ಟ್ರೈಟರ್ಪೀನ್ ದೇಹಕ್ಕೆ ಸಕ್ಕರೆಯ ಸರಪಳಿ ಕಟ್ಟಿದ ಅಣು. ಸಕ್ಕರೆ ನೀರಿನ ಕಡೆ, ಟ್ರೈಟರ್ಪೀನ್ ಜಿಡ್ಡಿನ ಕಡೆ. ಅಂಟುವಾಳದ ಸಪೋನಿನ್ನಿನಲ್ಲಿ ಹೆಡೆರಾಜೆನಿನ್, ಸೀಗೆಯದರಲ್ಲಿ ಅಕಾಸಿಕ್ ಆಮ್ಲ ಈ ದೇಹವಾಗಿರುತ್ತದೆ. ರೇಷ್ಮೆ ಸೀರೆಗೆ, ಚಿನ್ನದ ಒಡವೆಗೆ ಇಂದಿಗೂ ಅಂಟುವಾಳವನ್ನೇ ನೆಚ್ಚುವ ಮನೆಗಳಿವೆ. ಆ ನೆಚ್ಚಿಕೆಗೆ ಆಧಾರವಿದೆ. ಇದರಲ್ಲಿ ಕಟುವಾದ ಕ್ಷಾರವಿಲ್ಲ, ಗಡಸು ನೀರಿನಲ್ಲಿ ಸೋಪಿನಂತೆ ಗಸಿಯಾಗುವುದೂ ಇಲ್ಲ.

ಸೀಗೆಪುಡಿಯ ಗುಣ ನೋಡಲು ನೊರೆ ಸೂಚ್ಯಂಕದ ಪರೀಕ್ಷೆ ಇದೆ. ಒಂದು ಗ್ರಾಂ ಪುಡಿಯನ್ನು ಕುದಿಸಿ ಸೋಸಿ 100 ಮಿಲಿಲೀಟರಿಗೆ ತರುವುದು. ಹತ್ತು ಪ್ರನಾಳಗಳಲ್ಲಿ 1, 2, 3 ಹೀಗೆ 10 ಮಿಲಿಲೀಟರಿನವರೆಗೆ ಹಾಕಿ ಎಲ್ಲಕ್ಕೂ ನೀರು ಕೂಡಿಸಿ 10 ಮಿಲಿಲೀಟರ್ ಮಾಡುವುದು. 15 ಸೆಕೆಂಡ್ ಅಲ್ಲಾಡಿಸಿ, 15 ನಿಮಿಷ ಬಿಟ್ಟು ಯಾವ ಪ್ರನಾಳದಲ್ಲಿ ನೊರೆ ಒಂದು ಸೆಂಟಿಮೀಟರ್ ನಿಂತಿದೆಯೆಂದು ನೋಡುವುದು. ಹಳೆಯ, ಹುಳ ಹಿಡಿದ, ಹೊಟ್ಟು ಬೆರೆಸಿದ ಪುಡಿ ಇಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ ಸೋಪಿನ ಪುಡಿ ಬೆರೆಸಿ ನೊರೆ ಹೆಚ್ಚಿಸಿದ ಸೀಗೆಪುಡಿ ಇದರಲ್ಲಿ ಪಾಸಾಗಿಬಿಡುತ್ತದೆ. ಆ ಕಲಬೆರಕೆಯನ್ನು ಹಿಡಿಯಲು ಮುಂದೆ ಹೇಳುವ ಎರಡು ಪದರದ ಅನುಮಾಪನ ಬೇಕು. ಆಮ್ಲೀಯ ದ್ರಾವಣದಲ್ಲಿ ಸಪೋನಿನ್ ಆ ಅನುಮಾಪನಕ್ಕೆ ಸಿಕ್ಕುವುದಿಲ್ಲ, ಕೃತಕ ಸರ್ಫ್ಯಾಕ್ಟಂಟ್ ಸಿಗುತ್ತದೆ. ಸೀಗೆಯ ಚಿತ್ರ ಹೊತ್ತ ಶಾಂಪೂವಿನ ನೊರೆ ಸೀಗೆಯದೋ ಕಾರ್ಖಾನೆಯ ಲಾರೆತ್ ಸಲ್ಫೇಟ್ ಎಂಬ ಕೃತಕ ಸರ್ಫ್ಯಾಕ್ಟಂಟಿನದೋ ಎಂಬುದೂ ಇದೇ ಪರೀಕ್ಷೆಯಲ್ಲಿ ಬಯಲಾಗುತ್ತದೆ.

ಸಾಬೂನಿನ ಟಿ.ಎಫ್.ಎಂ.

ಕರ್ನಾಟಕದಲ್ಲಿ ಸಾಬೂನಿನ ರಸಾಯನವಿಜ್ಞಾನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1910ರ ದಶಕದಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸೋಪು ಕಾರ್ಖಾನೆ ಆರಂಭವಾದಾಗ. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅಲ್ಲಿ ಮೈಸೂರು ಸ್ಯಾಂಡಲ್ ಸೋಪನ್ನು ರೂಪಿಸಿದರು. ಇಂದು ಸೋಪಿನ ಹೊದಿಕೆಯ ಮೇಲೆ ಕಾಣುವ ಟಿ.ಎಫ್.ಎಂ. ಎಂದರೆ ಒಟ್ಟು ಕೊಬ್ಬಿನಾಂಶ. ಸ್ನಾನದ ಸೋಪಿನ ಭಾರತೀಯ ಮಾನಕ ಐ.ಎಸ್. 2888ರಲ್ಲಿ ಮೊದಲ ದರ್ಜೆಗೆ ಕನಿಷ್ಠ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಎಂದು ಗೊತ್ತುಪಡಿಸಿದೆ. ಬಾತಿಂಗ್ ಬಾರ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವ ಬಿಲ್ಲೆ ಬೇರೆ ಮಾನಕಕ್ಕೆ ಸೇರುತ್ತದೆ, ಅದರಲ್ಲಿ ಕೊಬ್ಬಿನಾಂಶ ಇನ್ನೂ ಕಡಿಮೆ ಇರಬಹುದು. ಕೊಳ್ಳುವವರು ಈ ವ್ಯತ್ಯಾಸವನ್ನು ಓದಿ ನೋಡಬೇಕು.

ಅಳೆಯುವುದು ಸರಳ. ಬಿಲ್ಲೆಯ ಹೊರಪದರ ಒಣಗಿರುತ್ತದೆ, ಒಡಲು ಹಸಿಯಾಗಿರುತ್ತದೆ. ಆದ್ದರಿಂದ ಉದ್ದಕ್ಕೂ ಅಡ್ಡಕ್ಕೂ ಸೀಳಿ, ಎದುರುಬದುರಿನ ತುಂಡುಗಳನ್ನು ತುರಿದು ಬೆರೆಸಿ ಮಾದರಿ ತೆಗೆಯಬೇಕು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಗಂಧಕಾಮ್ಲ ಹಾಕಿದರೆ ಕೊಬ್ಬಿನಾಮ್ಲ ಬೇರೆಯಾಗಿ ಮೇಲೆ ನಿಲ್ಲುತ್ತದೆ. ಪೆಟ್ರೋಲಿಯಂ ಈಥರಿನಲ್ಲಿ ಅದನ್ನು ಸೆಳೆದು, ಈಥರನ್ನು ಆವಿಮಾಡಿ ತೂಗಿದರೆ ಮುಗಿಯಿತು. ಕೆಳಗುಳಿದ ನೀರಿನಲ್ಲಿ ಉಪ್ಪು, ಗ್ಲಿಸರಿನ್ ಇರುತ್ತವೆ. ಸುಣ್ಣದ ಕಲ್ಲಿನ ಪುಡಿ ತುಂಬಿದ ಸೋಪಾದರೆ ಆಮ್ಲ ಬಿದ್ದೊಡನೆ ಗುಳ್ಳೆ ಏಳುತ್ತದೆ. ಬಳಪದ ಪುಡಿ ತುಂಬಿದ್ದರೆ ಬಿಳಿಯ ಗಷ್ಟು ತಳಕ್ಕಿಳಿಯುತ್ತದೆ.

ಯಾವ ಎಣ್ಣೆಯಿಂದ ಮಾಡಿದ್ದು ಎಂಬುದನ್ನು ಅನಿಲ ವರ್ಣಲೇಖನ ಹೇಳುತ್ತದೆ. ತೂಗಿದ ಕೊಬ್ಬಿನಾಮ್ಲವನ್ನು ಮೀಥೈಲ್ ಎಸ್ಟರಾಗಿ ಪರಿವರ್ತಿಸಿ ಯಂತ್ರಕ್ಕೆ ಹಾಕಿದರೆ ಪ್ರತಿ ಆಮ್ಲಕ್ಕೂ ಒಂದೊಂದು ಶಿಖರ ಮೂಡುತ್ತದೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, ಹರಳೆಣ್ಣೆಯಲ್ಲಿ ಸುಮಾರು ಶೇ. 90 ರಿಸಿನೋಲಿಕ್ ಆಮ್ಲ. ಈ ನಾಲ್ಕು ತಾಲ್ಲೂಕುಗಳ ಹೊಲ ತುಂಬುವ ಕಡಲೆಕಾಯಿಗೂ ಅದರದೇ ಗುರುತುಂಟು. 20, 22, 24 ಇಂಗಾಲಗಳ ಉದ್ದನೆಯ ಆಮ್ಲಗಳು ಅದರಲ್ಲಿ ಸಣ್ಣ ಪ್ರಮಾಣದಲ್ಲಿರುತ್ತವೆ. 20 ಇಂಗಾಲದ ಅರಾಕಿಡಿಕ್ ಆಮ್ಲಕ್ಕೆ ಹೆಸರು ಬಂದದ್ದೇ ಕಡಲೆಕಾಯಿಯ ಸಸ್ಯನಾಮವಾದ ಅರಾಕಿಸ್‌ನಿಂದ. ಆದರೆ ಹೊಂಗೆ ಎಣ್ಣೆಯಲ್ಲೂ 22 ಇಂಗಾಲದ ಬೆಹೆನಿಕ್ ಆಮ್ಲ ಇರುವುದರಿಂದ ಅವಸರದ ತೀರ್ಮಾನ ಸಲ್ಲದು. ಹೊಂಗೆಯ ಕಹಿಗೆ ಕಾರಣವಾದ ಕರಂಜಿನ್ ಇದೆಯೇ ಎಂದು ಎಣ್ಣೆಯಲ್ಲೇ ಹುಡುಕಿ ಖಚಿತಪಡಿಸಿಕೊಳ್ಳಬೇಕು.

ಆಸಿಡ್ ಸ್ಲರಿ, ಸೋಪ್ ಆಯಿಲ್

ಲೇಬಲ್ಲಿಲ್ಲದೆ ಬಾಟಲಿಯಲ್ಲಿ ಮಾರುವ ಸೋಪ್ ಆಯಿಲ್ ಮತ್ತು ಬಿಡಿ ಸೋಪಿನ ಪುಡಿಗೆ ಪರೀಕ್ಷೆಯ ಅಗತ್ಯ ಎಲ್ಲಕ್ಕಿಂತ ಹೆಚ್ಚು. ಇವುಗಳ ಮೂಲ ಸಾಮಾನ್ಯವಾಗಿ ಆಸಿಡ್ ಸ್ಲರಿ, ಅಂದರೆ ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನಿಕ್ ಆಮ್ಲ. ಕಪ್ಪುಕಂದು ಬಣ್ಣದ ಈ ದ್ರವಕ್ಕೆ ಕಾಸ್ಟಿಕ್ ಸೋಡಾ ಹಾಕಿ ತಟಸ್ಥಗೊಳಿಸಿ, ಲಾರೆತ್ ಸಲ್ಫೇಟ್, ಯೂರಿಯಾ, ಬಣ್ಣ, ವಾಸನೆ ಬೆರೆಸಿ, ಕೊನೆಗೆ ಉಪ್ಪು ಹಾಕಿ ಗಟ್ಟಿಮಾಡುತ್ತಾರೆ. ಗಟ್ಟಿಯಾಗಿರುವುದು ಸರಕು ಹೆಚ್ಚಿರುವುದರ ಲಕ್ಷಣವೆಂದು ಕೊಳ್ಳುವವರು ತಿಳಿಯುತ್ತಾರೆ. ಬಹಳಷ್ಟು ಸಲ ಅದು ಉಪ್ಪಿನ ಕೆಲಸ. ತಟಸ್ಥಗೊಳಿಸುವುದರಲ್ಲಿ ಹೆಚ್ಚುಕಡಿಮೆಯಾದರೆ ಆಮ್ಲವೋ ಕ್ಷಾರವೋ ಉಳಿದು ಕೈ ಸುಡುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಪಿ.ಎಚ್.

ಪುಡಿಯಾದರೆ ಚೀಲವನ್ನು ಅಲ್ಲಾಡಿಸಿದಷ್ಟೂ ಸಣ್ಣ ಕಣ ಕೆಳಗೆ ಸೇರುತ್ತದೆ. ಮೇಲಿನಿಂದ ಒಂದು ಚಮಚ ತೆಗೆದು ಪರೀಕ್ಷಿಸಿದರೆ ಉತ್ತರ ತಪ್ಪು. ಇಡೀ ಪುಡಿಯನ್ನು ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರಿನ ಎರಡು ಪಾಲನ್ನು ಉಳಿಸಿಕೊಂಡು ಮತ್ತೆ ರಾಶಿ ಹಾಕುತ್ತ ಸಣ್ಣ ಮಾದರಿಗೆ ಇಳಿಸಬೇಕು.

ಮೊದಲ ಬೇರ್ಪಡಿಕೆಯನ್ನು ಬಿಸಿ ಆಲ್ಕೊಹಾಲು ಮಾಡಿಕೊಡುತ್ತದೆ. ಸರ್ಫ್ಯಾಕ್ಟಂಟ್ ಅದರಲ್ಲಿ ಕರಗುತ್ತದೆ. ವಾಷಿಂಗ್ ಸೋಡಾ, ಸೋಡಿಯಂ ಸಲ್ಫೇಟ್, ಫಾಸ್ಫೇಟ್, ಜಿಯೋಲೈಟ್, ಡಾಲಮೈಟ್ ಪುಡಿ ಕರಗದೆ ಉಳಿಯುತ್ತವೆ. ಸೋಸಿ, ಆವಿಮಾಡಿ, ತೂಗಿದರೆ ಆಲ್ಕೊಹಾಲಿನಲ್ಲಿ ಕರಗಿದ ಅಂಶ ಸಿಗುತ್ತದೆ. ಇದನ್ನೇ ಸಕ್ರಿಯಾಂಶವೆಂದು ಬರೆದುಬಿಡುವುದು ದೊಡ್ಡ ತಪ್ಪು. ಅಡುಗೆ ಉಪ್ಪು ಅಲ್ಪಸ್ವಲ್ಪ ಆಲ್ಕೊಹಾಲಿಗೆ ಬಂದಿರುತ್ತದೆ, ಸಿಲ್ವರ್ ನೈಟ್ರೇಟಿನಿಂದ ಅಳೆದು ಕಳೆಯಬೇಕು. ಸಲ್ಫೋನೇಟ್ ಆಗದೆ ಉಳಿದ ಎಣ್ಣೆಯನ್ನು ಪೆಟ್ರೋಲಿಯಂ ಈಥರಿನಿಂದ ಸೆಳೆದು ಕಳೆಯಬೇಕು. ಯೂರಿಯಾ ಆಲ್ಕೊಹಾಲಿನಲ್ಲಿ ಚೆನ್ನಾಗಿ ಕರಗುವುದರಿಂದ ಸರ್ಫ್ಯಾಕ್ಟಂಟಿನ ವೇಷದಲ್ಲಿ ತೂಕಕ್ಕೆ ಸೇರಿಕೊಳ್ಳುತ್ತದೆ. ಸಲ್ಫೋನೇಟಿನಲ್ಲಾಗಲಿ ಲಾರೆತ್ ಸಲ್ಫೇಟಿನಲ್ಲಾಗಲಿ ಸಾರಜನಕವಿಲ್ಲ. ಸಾರಜನಕವಿರುವ ಬೀಟೇನ್, ಅಮೈಡುಗಳನ್ನು ಸೇರಿಸಿಲ್ಲವಾದರೆ ಕೆಲ್ಡಾಲ್ ವಿಧಾನದಲ್ಲಿ ಸಿಕ್ಕ ಸಾರಜನಕವೆಲ್ಲ ಯೂರಿಯಾದ್ದೇ. ಯೂರಿಯೇಸ್ ಎಂಜೈಮಿನಿಂದಲೂ ಗುರುತು ಹಿಡಿಯಬಹುದು. ಬಯಲುಸೀಮೆಯ ಹುರುಳಿಯಲ್ಲಿ ಈ ಎಂಜೈಮ್ ಧಾರಾಳವಾಗಿದೆ. ಆದರೆ ಸರ್ಫ್ಯಾಕ್ಟಂಟ್ ಎಂಜೈಮನ್ನು ಕೆಡಿಸುವ ಸಂಭವವಿರುವುದರಿಂದ ಮೊದಲು ಅದನ್ನು ಅಯಾನು ವಿನಿಮಯ ರಾಳದಿಂದ ತೆಗೆದುಹಾಕಬೇಕು.

ಆ ರಾಳಗಳೇ ಎರಡನೆಯ ಬೇರ್ಪಡಿಕೆಯ ಸಾಧನ. ಸರ್ಫ್ಯಾಕ್ಟಂಟ್‌ಗಳಲ್ಲಿ ನಾಲ್ಕು ಕುಲ: ಸಾಬೂನು, ಸಲ್ಫೋನೇಟ್‌ಗಳಂಥ ಋಣಾಯಾನಿ, ಕಂಡಿಷನರ್ ಮತ್ತು ಸೋಂಕುನಿವಾರಕಗಳ ಧನಾಯಾನಿ, ವಿದ್ಯುದಂಶವಿಲ್ಲದ ಅಯಾನೇತರ, ಎರಡೂ ಅಂಶವಿರುವ ಬೀಟೇನ್ ಜಾತಿಯ ಉಭಯಗುಣಿ. ಆಲ್ಕೊಹಾಲಿನ ದ್ರಾವಣವನ್ನು ಒಂದರ ನಂತರ ಒಂದು ರಾಳದ ಕಂಬದ ಮೂಲಕ ಇಳಿಸಿದರೆ ಧನಾಯಾನಿ ಒಂದರಲ್ಲಿ, ಋಣಾಯಾನಿ ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತವೆ. ಅಯಾನೇತರ ನೇರವಾಗಿ ಕೆಳಗೆ ಇಳಿದುಬರುತ್ತದೆ.

ಎರಡು ಪದರದ ಅನುಮಾಪನ

ಈ ಕ್ಷೇತ್ರದ ಅತ್ಯಂತ ಸುಂದರ ವಿಧಾನ ಇದು. 1947ರಲ್ಲಿ ಎಪ್ಟನ್ ಇದರ ಮೂಲ ರೂಪವನ್ನು ಪ್ರಕಟಿಸಿದ. ತತ್ತ್ವ ಇಷ್ಟೇ: ಋಣಾಯಾನಿ ಸರ್ಫ್ಯಾಕ್ಟಂಟ್ ಮತ್ತು ಧನಾಯಾನಿ ಬಣ್ಣ ಜೋಡಿಯಾದರೆ ಆ ಜೋಡಿ ನೀರನ್ನು ಬಿಟ್ಟು ಕ್ಲೋರೋಫಾರಮ್ಮಿಗೆ ಇಳಿಯುತ್ತದೆ.

ಬಿರಡೆ ಇರುವ ಉರುಳೆಯಲ್ಲಿ ಮಾದರಿಯ ದ್ರಾವಣ, ಕ್ಲೋರೋಫಾರಂ, ಆಮ್ಲ ಬೆರೆತ ಮಿಶ್ರ ಸೂಚಕ ಇಷ್ಟನ್ನು ಹಾಕುತ್ತಾರೆ. ಸೂಚಕದಲ್ಲಿ ಎರಡು ಬಣ್ಣ, ಗುಲಾಬಿಯ ಡಿಮಿಡಿಯಂ ಬ್ರೋಮೈಡ್ ಮತ್ತು ಡೈಸಲ್ಫೀನ್ ನೀಲಿ. ಮೊದಲಿಗೆ ಸರ್ಫ್ಯಾಕ್ಟಂಟ್ ಗುಲಾಬಿಯನ್ನು ಜೊತೆಗೆ ಎಳೆದುಕೊಂಡು ಹೋಗುವುದರಿಂದ ಕೆಳಗಿನ ಕ್ಲೋರೋಫಾರಂ ಪದರ ಗುಲಾಬಿಯಾಗಿರುತ್ತದೆ. ಬ್ಯೂರೆಟ್ಟಿನಿಂದ ಹಯಮಿನ್ ಎಂಬ ಧನಾಯಾನಿಯ 0.004 ಮೋಲಾರ್ ದ್ರಾವಣವನ್ನು ಬಿಡುತ್ತ, ಪ್ರತಿ ಸಲ ಬಿರಡೆ ಹಾಕಿ ಅಲ್ಲಾಡಿಸಿ, ಪದರಗಳು ತಿಳಿಯಾಗುವವರೆಗೆ ಕಾಯಬೇಕು. ಹಯಮಿನ್ ಸರ್ಫ್ಯಾಕ್ಟಂಟನ್ನು ಬಿಗಿಯಾಗಿ ಹಿಡಿದು ಗುಲಾಬಿಯನ್ನು ನೀರಿಗೆ ಹಿಂದಿರುಗಿಸುತ್ತದೆ. ಸರ್ಫ್ಯಾಕ್ಟಂಟ್ ಮುಗಿದ ಮೇಲೆ ಬಿದ್ದ ಹನಿ ನೀಲಿಯೊಂದಿಗೆ ಜೋಡಿಯಾಗಿ ಕೆಳಗಿಳಿಯುತ್ತದೆ. ಗುಲಾಬಿ ಮಾಯವಾಗಿ ಬೂದುನೀಲಿ ಮೂಡುವ ಆ ಗಳಿಗೆಯೇ ಅಂತ್ಯಬಿಂದು. ಒಂದು ಮಿಲಿಲೀಟರ್ ಹಯಮಿನ್ನಿಗೆ ಸುಮಾರು 1.4 ಮಿಲಿಗ್ರಾಂ ಸೋಡಿಯಂ ಸಲ್ಫೋನೇಟ್ ಎಂದು ಲೆಕ್ಕ. ಹಯಮಿನ್ನಿನ ಬಲವನ್ನು ಶುದ್ಧ ಸೋಡಿಯಂ ಲಾರಿಲ್ ಸಲ್ಫೇಟಿನಿಂದ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಆಮ್ಲದಲ್ಲಿ ಸಾಬೂನು ಕೊಬ್ಬಿನಾಮ್ಲವಾಗಿ ಸುಮ್ಮನಿರುವುದರಿಂದ ಕೃತಕ ಮಾರ್ಜಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನೇ ಕ್ಷಾರೀಯ ದ್ರಾವಣದಲ್ಲಿ ಬೇರೆ ಸೂಚಕದೊಂದಿಗೆ ಮಾಡಿದರೆ ಎರಡೂ ಬರುತ್ತವೆ, ಕಳೆದರೆ ಸಾಬೂನಿನ ಪಾಲು. ದೋಷಗಳೂ ಇವೆ. ಶಾಂಪೂವಿನ ಬೀಟೇನ್ ಆಮ್ಲದಲ್ಲಿ ಧನಾಯಾನಿಯಂತೆ ವರ್ತಿಸಿ ಉತ್ತರವನ್ನು ತಗ್ಗಿಸುತ್ತದೆ. ಅನುಮಾಪನ ಕೊಡುವುದು ಅಣುಗಳ ಎಣಿಕೆಯನ್ನು, ಅದು ತೂಕವಾಗಬೇಕಾದರೆ ಅಣುತೂಕ ಗೊತ್ತಿರಬೇಕು. ಲಾರೆತ್ ಸಲ್ಫೇಟಿನ ಅಣುತೂಕ ಸಲ್ಫೋನೇಟಿಗಿಂತ ಹೆಚ್ಚು, ಒಂದನ್ನು ಇನ್ನೊಂದೆಂದು ತಿಳಿದರೆ ಶೇಕಡ ಅಂಕಿ ಜಾರುತ್ತದೆ. ಕ್ಲೋರೋಫಾರಂ ಆವಿ ಯಕೃತ್ತಿಗೆ ಕೇಡು, ಗಾಳಿ ಎಳೆಯುವ ಕಪಾಟಿಲ್ಲದ ಕೋಣೆಯಲ್ಲಿ ಇದನ್ನು ಮಾಡಲೇಬಾರದು. ಆ ಭಯದಿಂದಲೇ ದೊಡ್ಡ ಪ್ರಯೋಗಾಲಯಗಳು ಸರ್ಫ್ಯಾಕ್ಟಂಟಿಗೆ ಸ್ಪಂದಿಸುವ ಎಲೆಕ್ಟ್ರೋಡಿಗೆ ಬದಲಾಗಿವೆ.

ಅಯಾನೇತರಗಳಿಗೆ ಕೋಬಾಲ್ಟ್ ಥಯೋಸಯನೇಟ್ ನೀಲಿ ಬಣ್ಣ ಕೊಡುತ್ತದೆ, ಬಿಸ್ಮತ್ ಇರುವ ಡ್ರಾಗೆಂಡಾರ್ಫ್ ಕಾರಕ ಕಿತ್ತಳೆ ಗಷ್ಟು ಕೊಡುತ್ತದೆ. ಅವಕೆಂಪು ರೋಹಿತ ಕೆಲವೇ ನಿಮಿಷದಲ್ಲಿ ಕುಲ ಯಾವುದೆಂದು ಸೂಚಿಸುತ್ತದೆ. ಅಧಿಕ ಒತ್ತಡದ ದ್ರವ ವರ್ಣಲೇಖನ ಸಲ್ಫೋನೇಟಿನ 10ರಿಂದ 13 ಇಂಗಾಲದ ಸರಪಳಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಅದರ ಬೆಂಜೀನ್ ಉಂಗುರ ಅತಿನೇರಳೆ ಬೆಳಕನ್ನು ಹೀರುವುದರಿಂದ ಕಾಣಿಸುವುದು ಸುಲಭ. ಉಂಗುರವಿಲ್ಲದ ಲಾರೆತ್ ಸಲ್ಫೇಟ್ ಆ ಕಣ್ಣಿಗೆ ಬೀಳದು, ಅದಕ್ಕೆ ದ್ರವ್ಯರಾಶಿ ರೋಹಿತಮಾಪಕ ಅಥವಾ ಆವಿಮಾಡಿ ಬೆಳಕು ಚದುರಿಸುವ ಶೋಧಕ ಬೇಕು.

ತೊಳೆದ ಮೇಲೆ

ಬಚ್ಚಲಿನಿಂದ ಹೊರಟ ಮಾರ್ಜಕ ಚರಂಡಿ ಹಿಡಿದು ಕೆರೆಗೆ, ಅಲ್ಲಿಂದ ನೆಲದೊಳಕ್ಕೆ ಹೋಗುತ್ತದೆ. 1950ರ ದಶಕದಲ್ಲಿ ಕವಲೊಡೆದ ಸರಪಳಿಯ ಸಲ್ಫೋನೇಟುಗಳು ಕೊಳೆಯದೆ ಯೂರೋಪು, ಅಮೆರಿಕದ ಹೊಳೆಗಳನ್ನು ನೊರೆಯಿಂದ ಮುಚ್ಚಿದ್ದವು. ಜರ್ಮನಿ 1961ರಲ್ಲಿ ಕಾನೂನು ಮಾಡಿತು, ಸೂಕ್ಷ್ಮಾಣುಗಳು ಬೇಗ ಮುರಿಯಬಲ್ಲ ನೇರ ಸರಪಳಿಯ ಸಲ್ಫೋನೇಟ್ ಬಂದಿತು. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದಾಗ ನೇರ ಸರಪಳಿಯೂ ಆಮ್ಲಜನಕವಿಲ್ಲದ ಕೊಳಚೆಯಲ್ಲಿ ಮುರಿಯಲಾರದು ಎಂಬುದು ನಮ್ಮ ಕಣ್ಣಿಗೇ ಬಿತ್ತು.

ನೀರಿನಲ್ಲಿರುವ ಋಣಾಯಾನಿ ಮಾರ್ಜಕವನ್ನು ಮೀಥಿಲೀನ್ ನೀಲಿಯಿಂದ ಅಳೆಯುತ್ತಾರೆ. ಜೋಡಿಯಾದ ಬಣ್ಣವನ್ನು ಕ್ಲೋರೋಫಾರಮ್ಮಿಗೆ ಸೆಳೆದು 652 ನ್ಯಾನೊಮೀಟರಿನಲ್ಲಿ ಅದರ ಗಾಢತೆ ನೋಡುವುದು ಕ್ರಮ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.2 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.0. ಉಪ್ಪುನೀರಿನ ಬೋರ್‌ವೆಲ್ಲುಗಳಿರುವ ಸೀಮೆಯಲ್ಲಿ ಒಂದು ಎಚ್ಚರ ಅಗತ್ಯ. ನೀರಿನ ಕ್ಲೋರೈಡ್, ನೈಟ್ರೇಟುಗಳೂ ಸ್ವಲ್ಪ ಬಣ್ಣವನ್ನು ಕ್ಲೋರೋಫಾರಮ್ಮಿಗೆ ಎಳೆದು, ಮಾರ್ಜಕವೇ ಇಲ್ಲದ ನೀರಿನಲ್ಲಿ ಇದೆಯೆಂದು ತೋರಿಸುತ್ತವೆ. ಕ್ಲೋರೋಫಾರಂ ಪದರವನ್ನು ಆಮ್ಲೀಯ ದ್ರಾವಣದಿಂದ ಮತ್ತೊಮ್ಮೆ ತೊಳೆದರೆ ಈ ಸುಳ್ಳು ಬಣ್ಣ ಹೊರಟುಹೋಗುತ್ತದೆ. ಈ ಒಂದು ಹೆಜ್ಜೆ ಬಿಟ್ಟ ವರದಿಯನ್ನು ಒಪ್ಪಬಾರದು.

ಹಾಲಿಗೆ ಮಾರ್ಜಕ ಬೆರೆಸುವ ದುಷ್ಟತನವನ್ನು ಪತ್ತೆಹಚ್ಚಲೂ ಇದೇ ನೀಲಿ ನೆರವಾಗುತ್ತದೆ. ಹಾಲಿಗೆ ಮೀಥಿಲೀನ್ ನೀಲಿ ಮತ್ತು ಕ್ಲೋರೋಫಾರಂ ಹಾಕಿ ಅಲ್ಲಾಡಿಸಿದಾಗ ಕೆಳಪದರ ಗಾಢ ನೀಲಿಯಾದರೆ ಬೆರಕೆ ಇದೆ. ಸಮಪಾಲು ನೀರು ಹಾಕಿ ಕುಲುಕಿ ದಟ್ಟ ನೊರೆ ನಿಲ್ಲುವುದೇ ಎಂದು ನೋಡುವ ಮನೆ ಪರೀಕ್ಷೆ ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಗಡಸುತನ, ಟಿ.ಎಫ್.ಎಂ., ಆಲ್ಕೊಹಾಲಿನಲ್ಲಿ ಕರಗುವ ಅಂಶ ಈ ಮೂರನ್ನು ಅಳೆಯಲು ತಕ್ಕಡಿ, ಬ್ಯೂರೆಟ್, ಬೇರ್ಪಡಿಕೆ ಆಲಿಕೆ, ನೀರಿನ ಆವಿಗೆ ಇಡುವ ಬಟ್ಟಲು ಇದ್ದರೆ ಸಾಕು. ಸಂತೆಯಲ್ಲಿ ಮಾರುವ ಲೇಬಲ್ಲಿಲ್ಲದ ಸೋಪ್ ಆಯಿಲನ್ನು ಊರಿನ ನೀರಿನೊಂದಿಗೇ ಪರೀಕ್ಷಿಸಿ ಫಲಿತಾಂಶವನ್ನು ಊರಿಗೆ ತಿಳಿಸುವ ಕೆಲಸವನ್ನು ಅಲ್ಲಿನ ರಸಾಯನವಿಜ್ಞಾನದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲಿ.